ಹುಲ್ಲಿನ ಮೇಲೆ ಇಪ್ಪತ್ತನಾಲ್ಕು ನಾವಿಕರು

12 ಅಕ್ಟೋಬರ್ 1999, ಮಂಗಳವಾರ

ಇವರ ಕಣ್ಣಿಗೆ ಬಿಡುವ ಔಷಧಿ ಮೂರು ತರದ್ದು. ಯಾವುದನ್ನು ಯಾವ ಹೊತ್ತಿಗೆ ಬಿಟ್ಟೆ ಎಂದು ಬರೆದಿಡಿ ಎಂದು ಬೆಂಗಳೂರಿನ ಡಾಕ್ಟರು ಹೇಳಿದ್ದಕ್ಕೆ ಈ ಪುಸ್ತಕ. ಔಷಧಿಗೆ ನಾಲ್ಕು ಸಾಲು ಸಾಕು. ಉಳಿದ ಪುಟ ಖಾಲಿ ಬಿಡಲು ಮನಸ್ಸು ಬರಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಇವರ ಎಡಗಣ್ಣು ಹುಟ್ಟಿದಾಗಿನಿಂದಲೂ ಅಷ್ಟಕ್ಕಷ್ಟೆ. ಬೆಳಕು, ನೆರಳು ಬಿಟ್ಟರೆ ಅದಕ್ಕೆ ಏನೂ ತಿಳಿಯುವುದಿಲ್ಲ. ತೋಟ ನೋಡಿದ್ದು, ಜೀಪು ಓಡಿಸಿದ್ದು, ನನ್ನನ್ನು ನೋಡಲು ಬಂದಾಗ ನೋಡಿದ್ದು ಎಲ್ಲ ಬಲಗಣ್ಣಿನಲ್ಲೇ. ಹೋದ ವಾರ ಆ ಬಲಗಣ್ಣಿನ ಒಳಪರದೆ ಕಿತ್ತು ಬಂತು. ಥಂಡಿಗೆ ಗೋಡೆಗೆ ಅಂಟಿಸಿದ ಕಾಗದ ಬಿಟ್ಟುಕೊಳ್ಳುವ ಹಾಗೆ ಎಂದು ಡಾಕ್ಟರು ವಿವರಿಸಿದರು. ಆಪರೇಷನ್ ಮಾಡಿ ಪರದೆಯನ್ನು ಮತ್ತೆ ಕೂರಿಸಿ, ಅದು ಅಂಟುವವರೆಗೆ ಒತ್ತಿ ಹಿಡಿಯಲಿ ಎಂದು ಕಣ್ಣಿನೊಳಗೆ ಒಂದು ಗಾಳಿಗುಳ್ಳೆ ಬಿಟ್ಟಿದ್ದಾರೆ. ಗುಳ್ಳೆ ಯಾವಾಗಲೂ ಮೇಲಕ್ಕೇ ಏರುತ್ತದೆ, ಪರದೆ ಇರುವುದು ಕಣ್ಣಿನ ಹಿಂಭಾಗದಲ್ಲಿ. ಆದ್ದರಿಂದ ಇವರು ಹದಿನಾಲ್ಕು ದಿನ ನೆಲಕ್ಕೆ ಮುಖ ಮಾಡಿಯೇ ಇರಬೇಕು. ಗಂಟೆಗೆ ಐವತ್ತು ನಿಮಿಷ ಬೋರಲು, ಹತ್ತು ನಿಮಿಷ ಬಿಡುವು. ತಲೆ ಎತ್ತಿಕೊಂಡು ಓಡಾಡಿದರೆ ಕಣ್ಣು ಉಳಿಯುವ ಮಾತು ನಾನು ಕೊಡಲಾರೆ ಎಂದರು.

ಆಚಾರಿ ವೆಂಕಟೇಶ ಬಂದು ಊಟದ ಮನೆಯ ಉದ್ದ ಬೆಂಚಿನ ಒಂದು ತುದಿಯಲ್ಲಿ ಮುಖ ಹಿಡಿಸುವಷ್ಟು ತೂತು ಕೊರೆದುಕೊಟ್ಟ. ಮನೆಕೆಲಸದ ನಂಜಮ್ಮ ಅದರ ಅಂಚಿಗೆ ಹತ್ತಿ ಸುತ್ತಿದಳು. ಈಗ ಇವರ ಮಾತು ಬೆಂಚಿನ ಅಡಿಯಿಂದ ಬರುತ್ತದೆ. ತೋಟದ ರೈಟರ್ ದೇವರಾಜ ಸಂಜೆ ಬಂದು ಕೆಲಸದ ವರದಿ ಒಪ್ಪಿಸಿ ಬೈಸಿಕೊಂಡ. ಹೋಗುವಾಗ ನನ್ನ ಹತ್ತಿರ, "ಗೌಡ್ರು ನೆಲಕ್ಕೆ ಬೈದಂಗೆ ಆಯ್ತದೆ ಅಮ್ಮ, ನಂಗೆ ತಾಗೋದೇ ಇಲ್ಲ" ಎಂದ.

14 ಅಕ್ಟೋಬರ್, ಗುರುವಾರ

ಮಾತು ಕೇಳುವ ಜನ ಅಲ್ಲ ಇವರು. ನಾನು ಅಡುಗೆಮನೆಗೆ ಹೋದರೆ ಸಾಕು, ತಲೆ ಎತ್ತುತ್ತಾರೆ. ನಾಯಿ ಬೊಗಳಿದರೆ ತಲೆ, ಜೀಪಿನ ಶಬ್ದ ಕೇಳಿದರೆ ತಲೆ. ಇವತ್ತು ಬೆಳಗಿನ ಒಂದು ಗಂಟೆಯಲ್ಲಿ ಹನ್ನೊಂದು ಸಲ.

"ಕುತ್ತಿಗೆ ಹಿಡ್ಕೊಂಡದೆ ಮಾರಾಯ್ತಿ. ನೀನೇ ಒಂದ್ಸಲ ಮಲಗಿ ನೋಡು" ಎಂದರು. ಇವರು ಬಚ್ಚಲಿಗೆ ಹೋದಾಗ ಮಲಗಿ ನೋಡಿದೆ. ಮೂರು ನಿಮಿಷಕ್ಕೆ ಎದ್ದೆ. ಅದನ್ನು ಇವರಿಗೆ ಹೇಳಲಿಲ್ಲ.

ಮಧ್ಯಾಹ್ನ ಪೋಸ್ಟಿನಲ್ಲಿ ಇಂಗ್ಲೆಂಡಿನ ಪಾರ್ಸೆಲ್ ಬಂತು. ಮತ್ತೆ ಗೊಂಬೆ. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಈ ಗೊಂಬೆಗಳ ಬಗ್ಗೆ ಹೇಳಬೇಕಾದ್ದನ್ನೆಲ್ಲ ನಾನು ಹೇಳಿ ಮುಗಿಸಿದ್ದೇನೆ. ಒಂದು ಇಂಚು ಎತ್ತರದ ಸೀಸದ ಸಿಪಾಯಿಗಳು. ಅವಕ್ಕೆ ಬಣ್ಣ ಹಚ್ಚಿ, ಊಟದ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ದಾಳ ಉರುಳಿಸಿ, ಯಾವ ಕಾಲದಲ್ಲೋ ಮುಗಿದುಹೋದ ಯುದ್ಧಗಳನ್ನು ಇವರು ಇನ್ನೊಂದು ಸಲ ಮಾಡುತ್ತಾರೆ. ಎದುರಾಳಿ ಚನ್ನಬಸವ ಅವರು. ಮೊದಲು ಚಿಕ್ಕಮಗಳೂರಿನಲ್ಲಿ ಕೆಲಸದಲ್ಲಿದ್ದರು, ಈಗ ಹಾವೇರಿಯಲ್ಲಿ ಮನೆತನದ ಬಟ್ಟೆ ಅಂಗಡಿ ನೋಡಿಕೊಂಡಿದ್ದಾರೆ. ವರ್ಷವಿಡೀ ಇನ್‌ಲ್ಯಾಂಡ್ ಲೆಟರಿನಲ್ಲೇ ಯುದ್ಧ. 'ನನ್ನ ಕುದುರೆ ದಂಡು ಆರಿಂಚು ಮುಂದೆ ಬಂದಿದೆ' ಎಂದು ಆ ಕಡೆಯಿಂದ ಕಾಗದ, ಈ ಕಡೆಯಿಂದ ಉತ್ತರ. ಡಿಸೆಂಬರಿನಲ್ಲಿ ಒಂದು ವಾರ ಅವರೇ ಇಲ್ಲಿಗೆ ಬಂದು ಎದುರು ಕೂತು ಆಡುತ್ತಾರೆ. ಈ ವರ್ಷ ಮೊದಲ ಸಲ ಸಮುದ್ರದ ಯುದ್ಧವಂತೆ. ಅವರದು ಫ್ರೆಂಚ್ ಹಡಗು, ಇವರದು ಇಂಗ್ಲಿಷ್ ಹಡಗು, ಇನ್ನೂರು ವರ್ಷ ಹಿಂದಿನದು. ಪಾರ್ಸೆಲ್‌ನಲ್ಲಿ ಬಂದದ್ದು ಆ ಹಡಗಿನ ಇಪ್ಪತ್ತನಾಲ್ಕು ಜನ.

"ಬಿಚ್ಚು, ಬಿಚ್ಚು" ಎಂದರು. ಬಿಚ್ಚಿ ಒಂದನ್ನು ಬೆಂಚಿನ ಅಡಿ ಹಿಡಿದೆ. ತುಂಬ ಹೊತ್ತು ನೋಡಿದರು.

"ಎಂತದೂ ಕಾಣ್ತಿಲ್ಲ. ನೀರೊಳಗೆ ಕಣ್ಣು ಬಿಟ್ಟಂಗಾಗ್ತದೆ" ಎಂದರು. ಗುಳ್ಳೆ ಕರಗುವವರೆಗೆ ಹಾಗೇ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೂ ಆಮೇಲೆ ಇವರು ಊಟ ಬೇಡ ಎಂದರು.

15 ಅಕ್ಟೋಬರ್, ಶುಕ್ರವಾರ

ಒಂದು ಒಪ್ಪಂದ ಆಗಿದೆ. ನಾನು ಬೆಂಚಿನ ಪಕ್ಕ ಚಾಪೆ ಹಾಕಿ ಕೂತು ಗೊಂಬೆಗೆ ಬಣ್ಣ ಹಚ್ಚುವುದು, ಇವರು ಹೇಗೆಂದು ಹೇಳುವುದು. ತಲೆ ಎತ್ತಿದ ತಕ್ಷಣ ನಾನು ಬ್ರಷ್ ಕೆಳಗಿಡುವುದು. "ಕೈ ಕಾಲು ಮುರಿದು ಹಾಕ್ತೀಯ" ಎಂದರು. ಹಾಗಾದರೆ ಬೇಡ ಎಂದೆ. ಒಪ್ಪಿಕೊಂಡರು.

ಬೆಳಿಗ್ಗೆ ಎರಡು ಗಂಟೆ, ಮಧ್ಯಾಹ್ನ ಎರಡು ಗಂಟೆ. ಒಂದು ಸಲವೂ ತಲೆ ಎತ್ತಲಿಲ್ಲ. ಗೊಂಬೆಯನ್ನು ಬಾಟಲಿಯ ಬೆಂಡಿನ ಮೇಲೆ ಅಂಟಿಸಿಕೊಂಡು ಬೆಂಡನ್ನೇ ಹಿಡಿಯಬೇಕು, ಮೈ ಮುಟ್ಟಬಾರದು. ಮೊದಲು ಪೂರ್ತಿ ಕಪ್ಪು ಬಳಿಯಬೇಕು. ಇಪ್ಪತ್ತನಾಲ್ಕಕ್ಕೂ ಬಳಿದೆ. ಬೆರಳು, ಸೀರೆ, ಚಾಪೆ ಎಲ್ಲ ಕಪ್ಪು. ಸೀಮೆಎಣ್ಣೆಯಲ್ಲಿ ತೊಳೆದೆ, ವಾಸನೆ ಇನ್ನೂ ಹೋಗಿಲ್ಲ.

16 ಅಕ್ಟೋಬರ್, ಶನಿವಾರ

ಇವರಿಗೆ ಒಂದೊಂದು ಗೊಂಬೆಯೂ ಹೇಗಿದೆ ಎಂದು ನಾನು ಬಾಯಲ್ಲಿ ಹೇಳಬೇಕು, ಅದು ಯಾರು ಎಂದು ಇವರು ಹೇಳುತ್ತಾರೆ. ಉದ್ದ ಕೋಟಿನವನು ಕ್ಯಾಪ್ಟನ್. ಕೈಯಲ್ಲಿ ಕೊಡಲಿ ಇರುವವನು ಆಚಾರಿ. ಕೋವಿ ಹಿಡಿದ ಆರು ಜನಕ್ಕೆ ಕೆಂಪು ಕೋಟು.

"ಇವ್ನ ಬಾಯಲ್ಲಿ ಬೀಡಿ ಅದೆ" ಎಂದೆ.

"ಬೀಡಿ?"

"ಹೌದು, ತುದಿಗೆ ಕೆಂಪು ಇಟ್ಟಿದ್ದೀನಿ."

ಬೆಂಚು ಅಲ್ಲಾಡುವ ಹಾಗೆ ನಕ್ಕರು. ಅದು ಬೀಡಿ ಅಲ್ಲ, ಸೀಟಿ. ಕೆಲಸಕ್ಕೆ ಜನರನ್ನು ಕರೆಯುವವನಂತೆ, ನಮ್ಮ ಮೇಸ್ತ್ರಿ ಇದ್ದ ಹಾಗೆ. ನಗಬೇಡಿ, ತಲೆ ಅಲ್ಲಾಡುತ್ತದೆ ಎಂದು ಗದರಿದೆ. ಆಸ್ಪತ್ರೆಯಿಂದ ಬಂದ ಮೇಲೆ ಇವರು ನಕ್ಕದ್ದು ಇದೇ ಮೊದಲು.

ಮುಖದ ಬಣ್ಣದ ಡಬ್ಬಿ ತೆಗೆದರೆ ಬೇಯಿಸಿದ ಸಿಗಡಿಯ ಬಣ್ಣ. ಅದಕ್ಕೆ ಕಂದು ಬೆರೆಸಿ ನನಗೆ ಸರಿ ಕಂಡಷ್ಟು ಮಾಡಿಕೊಂಡೆ. ಕೇಳಿದ್ದಕ್ಕೆ, ಬಿಸಿಲಲ್ಲಿ ಇರುವವರಲ್ಲವಾ ಎಂದೆ.

18 ಅಕ್ಟೋಬರ್, ಸೋಮವಾರ

ಆಯುಧಪೂಜೆ. ಜೀಪು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಕತ್ತಿ, ಗರಗಸ, ಗುದ್ದಲಿ ಎಲ್ಲವನ್ನೂ ತೊಳೆದು, ಕುಂಕುಮ ಇಟ್ಟು, ಕುಂಬಳಕಾಯಿ ಒಡೆದಾಯಿತು. ಪೂಜೆಗಿಟ್ಟ ಆಯುಧವನ್ನು ಇವತ್ತು ಮುಟ್ಟುವ ಹಾಗಿಲ್ಲ. ಕೆಲಸದವರಿಗೆ ರಜೆ.

ನಂಜಮ್ಮ ಬ್ರಷ್‌ಗಳನ್ನೂ ತಟ್ಟೆಯಲ್ಲಿಟ್ಟುಕೊಂಡು ಪೂಜೆಗೆ ತಂದಿದ್ದಳು. "ಇದೂ ಆಯುಧವೇ ಅಲ್ವೇನಮ್ಮ ಈಗ?" ಎಂದಳು. ನಾನು ತಟ್ಟೆ ತೆಗೆದು ಬೀರುವಿನಲ್ಲಿಟ್ಟೆ. ಅದು ಪೂಜೆಗೆ ಹೋದರೆ ಇವರ ತಲೆ ನಾಳೆಯವರೆಗೆ ನಿಲ್ಲುವುದಿಲ್ಲ. ತಪ್ಪಾಗಿದ್ದರೆ ಹೊರನಾಡಿಗೆ ಹೋದಾಗ ಕೈಮುಗಿದುಕೊಳ್ಳುತ್ತೇನೆ.

ಹಬ್ಬದ ಊಟದ ಮೊದಲು ಐದು ಜನರ ಪ್ಯಾಂಟು ಮುಗಿಯಿತು. ಇವತ್ತು ಕಲಿತದ್ದು ಒಣ ಬ್ರಷ್ ಕೆಲಸ. ಬ್ರಷ್‌ನ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ, ಇದೆಯೋ ಇಲ್ಲವೋ ಎನ್ನುವಷ್ಟು ಉಳಿದಾಗ ಮೇಲಿಂದ ಮೇಲೆ ಸವರಬೇಕು. ದೋಸೆ ಕಾವಲಿಗೆ ಈರುಳ್ಳಿ ಉಜ್ಜುವಷ್ಟೇ. ಬಟ್ಟೆಯ ಮಡಿಕೆ ತಾನಾಗಿ ಎದ್ದು ಬರುತ್ತದೆ. ಇದನ್ನು ಇವರು ಎರಡು ಸಲ ವಿವರಿಸುವಷ್ಟರಲ್ಲಿ ನನಗೆ ಬಂದಿತ್ತು.

23 ಅಕ್ಟೋಬರ್, ಶನಿವಾರ

ಇಷ್ಟು ಚಿಕ್ಕ ಮುಖಕ್ಕೆ ಕಣ್ಣು ಬರೆಯುವುದು ಬೇಡ, ಹುಬ್ಬಿನ ಕೆಳಗೆ ನೆರಳು ಕೊಟ್ಟರೆ ಸಾಕು ಎಂದರು. ಹ್ಞೂಂ ಎಂದೆ.

ಬರೆದೆ. ಸೂಜಿಯ ಮೊನೆಯಲ್ಲಿ, ನಲವತ್ತೆಂಟು ಚುಕ್ಕೆ. ಕಣ್ಣಿಲ್ಲದ ಇಪ್ಪತ್ತನಾಲ್ಕು ಜನ ಈ ಮನೆಯಲ್ಲಿ ಬೇಡ ಅನ್ನಿಸಿತು.

26 ಅಕ್ಟೋಬರ್, ಮಂಗಳವಾರ

ಬೆಂಗಳೂರಿಗೆ ಹೋಗಿ ಬಂದೆವು. ಪರದೆ ಅಂಟಿದೆ. ಬೋರಲು ಮಲಗುವುದು ಮುಗಿಯಿತು. ಗುಳ್ಳೆ ಕರಗಲು ಇನ್ನೂ ಒಂದೂವರೆ ತಿಂಗಳು, ಅಲ್ಲಿಯವರೆಗೆ ಮಸುಕೇ. ಡಾಕ್ಟರು ಇವರ ಎದುರಿಗೇ ನನಗೆ ಹೇಳಿದ್ದು ಇದು: "ಯಾವ ಕಡೆಯಿಂದಾದ್ರೂ ಕಪ್ಪು ಪರದೆ ಇಳಿದ ಹಾಗೆ ಕಂಡ್ರೆ ಅವತ್ತೇ ಬರಬೇಕು. ಮಾರನೇ ದಿನ ಅಲ್ಲ, ಅವತ್ತೇ."

ಬೆಂಚಿನ ತೂತಿಗೆ ಹಲಗೆ ಹಾಕಿ ಮುಚ್ಚಬೇಕು. ಗೊಂಬೆಗಳ ಕೆಲಸ ನಿಲ್ಲಿಸಬಹುದಿತ್ತು, ಅದರ ಉದ್ದೇಶ ಮುಗಿದಿದೆ. ಅರ್ಧಕ್ಕೆ ಬಿಡುವುದು ಸರಿಯಲ್ಲ ಎಂದು ಮುಂದುವರಿಸಿದ್ದೇನೆ.

4 ನವೆಂಬರ್, ಗುರುವಾರ

ಬಣ್ಣ ಮುಗಿಯಿತು. ಇನ್ನು ಬುಡ. ಒಂದೊಂದನ್ನೂ ಒಂದು ಬಿಲ್ಲೆಯ ಮೇಲೆ ನಿಲ್ಲಿಸಿ ಕಾಲ ಕೆಳಗೆ ನೆಲ ಮಾಡಬೇಕು. ಹೇಗೆ ಎಂದು ಕೇಳಿದರೆ, "ಗಾಜಿನ ಬೀರುವಲ್ಲಿ ಹಳೇವು ಇದಾವಲ್ಲ, ನೋಡ್ಕೊಂಡು ಮಾಡು" ಎಂದರು. ರೇಡಿಯೋದಲ್ಲಿ ಕ್ರಿಕೆಟ್ ಬರುತ್ತಿತ್ತು.

ನೋಡಿದೆ. ಬೀರುವಿನ ಸಿಪಾಯಿಗಳೆಲ್ಲ ಮಣ್ಣಿನ ಮೇಲೆ, ಹಸಿರಿನ ಮೇಲೆ ನಿಂತಿದ್ದಾರೆ. ಆದರೆ ಇವರ ಹಸಿರು ಬಣ್ಣ ಹಾಕಿದ ಮರದ ಪುಡಿ, ಮಣ್ಣು ಬರೀ ಕಂದು ಬಣ್ಣ. ತೋಟ ಮಾಡುವವರ ಮನೆಯಲ್ಲಿ ನೆಲ ಹೀಗಿದ್ದರೆ ನಗೆಪಾಟಲು. ಪಲ್ಪರ್ ಮನೆಯಿಂದ ಇಪ್ಪತ್ತನಾಲ್ಕು ಹಳೆಯ ವಾಷರ್ ತರಿಸಿದೆ. ಸಸಿಚೀಲಕ್ಕೆ ತುಂಬುವ ಹದದಲ್ಲೇ ಕಾಡುಮಣ್ಣಿಗೆ ಮರಳು ಸೇರಿಸಿ ಹಿಟ್ಟಿನ ಜರಡಿಯಲ್ಲಿ ಸೋಸಿದೆ. ಫೆವಿಕಾಲ್ ಸವರಿ ಅದನ್ನು ಉದುರಿಸಿದೆ. ಸಿಲ್ವರ್ ಓಕ್ ಮರದ ಪಾಚಿ ಒಣಗಿಸಿ, ಚಿವುಟಿ, ಕಾಲಿನ ಹತ್ತಿರ ಇಷ್ಟಿಷ್ಟೇ ಇಟ್ಟೆ. ಕ್ಯಾಪ್ಟನ್ನನ ಬುಡಕ್ಕೆ ಒಂದು ಚೂರು ಒಣಗಿದ ಜರಿಗಿಡ.

ದೇವರಾಜ ನೋಡಿ, "ಇಲ್ಲಿ ಗಿಡ ನೆಟ್ರೆ ಹತ್ತುತ್ತದೆ ಅಮ್ಮ" ಎಂದ. ಅವನು ಸುಮ್ಮಸುಮ್ಮನೆ ಹೊಗಳುವವನಲ್ಲ.

17 ನವೆಂಬರ್, ಬುಧವಾರ

ಚನ್ನಬಸವ ಅವರ ಕಾಗದ. ಇವರಿಗೆ ನಾನೇ ಗಟ್ಟಿಯಾಗಿ ಓದಿ ಹೇಳಿದೆ. ಡಿಸೆಂಬರ್ ಹತ್ತೊಂಬತ್ತು ಭಾನುವಾರ ಬರುತ್ತಾರೆ. ನನ್ನ ಕೈಕೆಲಸ ನೋಡಲು ಕಾದಿದ್ದಾರಂತೆ. ಮುಂದಿನ ಸಾಲು ಓದುತ್ತಾ ಓದುತ್ತಾ ಬಾಯಿ ತನ್ನಷ್ಟಕ್ಕೆ ಓದಿತು, ತಲೆಗೆ ಹೋದದ್ದು ಆಮೇಲೆ. 'ಹಡಗಿನ ಹಲಗೆಗಳನ್ನು ನಾನು ಐಸ್‌ಕ್ರೀಂ ಕಡ್ಡಿ ಸೀಳಿ ಮಾಡಿ ನನ್ನವರ ಕಾಲಡಿ ಕೂರಿಸಿದ್ದೇನೆ. ನಿಮ್ಮದು ಯಾವುದರಲ್ಲಿ?'

ನಾವಿಕರು ನಿಲ್ಲುವುದು ಹಡಗಿನ ಮೇಲೆ. ಇದು ನನಗೆ ಹೊಳೆಯಲೇ ಇಲ್ಲ. ಇಪ್ಪತ್ತನಾಲ್ಕು ಜನರನ್ನೂ ತೋಟದಲ್ಲಿ ನಿಲ್ಲಿಸಿದ್ದೇನೆ.

"ನಮ್ಮದಕ್ಕೆ ಎಂತ ಹಾಕಿದೆ?" ಎಂದರು.

"ಬೆಂಕಿಕಡ್ಡಿ."

"ನೇರ ಕೂತಿದಾವಾ?"

"ಕೂತಿದಾವೆ."

ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಇವರ ಮುಖದಲ್ಲಿ ಖುಷಿ ಇತ್ತು. ಕಿತ್ತು ಬೇರೆ ಮಾಡಿದರಾಯಿತು, ಇನ್ನೂ ತಿಂಗಳಿದೆ.

24 ನವೆಂಬರ್, ಬುಧವಾರ

ಕಿತ್ತು ಬರುವುದಿಲ್ಲ. ಗೊಂಬೆಗಳಲ್ಲಿ ಹಡಗಿನ ಅಡುಗೆಯವನ ಒಂದು ಕಾಲು ಮುರಿಯಿತು, ಅಂಟಿಸಿದೆ. ಹಣ್ಣು ಕೊಯ್ಲು ಶುರುವಾಗಿದೆ. ಗೊಂಬೆಗಳನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

2 ಡಿಸೆಂಬರ್, ಗುರುವಾರ

ಬೆಳಿಗ್ಗೆ ಕಾಫಿ ಕೊಡಲು ಹೋದಾಗ, "ನಿನ್ನ ಬೈತಲೆ ಹತ್ರ ಬಿಳಿಕೂದಲು ಜಾಸ್ತಿ ಆಗಿದೆ ಕಣೆ" ಎಂದರು. ಲೋಟ ಅಲ್ಲೇ ಇಟ್ಟು ಒಳಗೆ ಬಂದೆ. ಸ್ವಲ್ಪ ಹೊತ್ತು ಅಳು ನಿಲ್ಲಲಿಲ್ಲ. ಇಂಥ ಮಾತಿಗೆ ಬೇರೆ ದಿನವಾದರೆ ಸುಮ್ಮನೆ ಬಿಡುತ್ತಿರಲಿಲ್ಲ.

ಗುಳ್ಳೆ ಕುಗ್ಗಿದೆ, ನಿಜಕ್ಕೂ ಮೇಲಿದ್ದರೂ ಇವರಿಗೆ ತಲೆಕೆಳಗಾಗಿ ಕೆಳಗಿನ ಅಂಚಿನಲ್ಲಿ ತೇಲುವ ಹಾಗೆ ಕಾಣುತ್ತದಂತೆ, ಮೇಲೆಲ್ಲ ತಿಳಿ. ಪೇಪರಿನ ದೊಡ್ಡ ಅಕ್ಷರ ಓದಿದರು. ಹಾಸನದಲ್ಲಿರುವ ಮಗಳು ಕವನಾಗೆ ಫೋನ್ ಮಾಡಿದೆವು. ಮಧ್ಯಾಹ್ನ ಕಣದವರೆಗೆ ನಡೆದುಹೋಗಿ ದೇವರಾಜನಿಗೆ ಎದುರು ನಿಂತೇ ಬೈದು ಬಂದರು.

"ನನ್ನ ಹಡಗಿನ ಜನ ಎಲ್ಲಿ? ತೋರ್ಸು" ಎಂದರು. ವಾರ್ನಿಷ್ ಬಾಕಿ ಇದೆ, ಎಲ್ಲ ಮುಗಿದ ಮೇಲೆ ಒಟ್ಟಿಗೇ ಎಂದೆ.

9 ಡಿಸೆಂಬರ್, ಗುರುವಾರ

ಮತ್ತೆ ಕೇಳಿದರು. ಮತ್ತೆ ವಾರ್ನಿಷ್ ಎಂದೆ. ಬೆಂಕಿಕಡ್ಡಿ ಎರಡು ಪೊಟ್ಟಣ ತಂದಿಟ್ಟಿದ್ದೇನೆ. ಕೊಯ್ಲಿನವರ ಗಲಾಟೆಯಲ್ಲಿ ಕೂರಲು ಹೊತ್ತೇ ಸಿಗುವುದಿಲ್ಲ.

16 ಡಿಸೆಂಬರ್, ಗುರುವಾರ

ಎರಡು ದಿನದಿಂದ ಇವರು ಗೊಂಬೆ ಕೇಳಿಲ್ಲ. ಕಣಕ್ಕೂ ಹೋಗಿಲ್ಲ. ಕಾಲು ನೋವಂತೆ. ಪೇಪರನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಾರೆ. ಸುದ್ದಿ ಎಲ್ಲ ಹೇಳುತ್ತಾರೆ, ಅದು ಬೆಳಗಿನ ರೇಡಿಯೋದಲ್ಲೂ ಬಂದಿತ್ತು.

17 ಡಿಸೆಂಬರ್, ಶುಕ್ರವಾರ

ನಾಡಿದ್ದು ಚನ್ನಬಸವ ಬರುತ್ತಾರೆ. ಅವರ ಎದುರು ಮಾನ ಹೋಗುವ ಬದಲು ಇವತ್ತೇ ಬೈಸಿಕೊಂಡುಬಿಡೋಣ ಎಂದು ಬೀರುವಿನಿಂದ ಸೀಟಿಯವನನ್ನು ತೆಗೆದೆ. ಕಿಟಕಿಯ ಹತ್ತಿರ ಒಳ್ಳೆ ಬೆಳಕಿತ್ತು. ವಾರ್ನಿಷ್ ಹಸಿ ಇದೆ, ಮುಟ್ಟಬೇಡಿ ಎಂದು ನಾನೇ ಹಿಡಿದು ಇವರ ಮುಖದ ಹತ್ತಿರ ತಂದೆ. ಬೈಗುಳಕ್ಕೆ ಕಾದೆ.

ಇವರು ಹೇಗೆ ನೋಡಬೇಕೋ ಹಾಗೆಲ್ಲ ನೋಡಿದರು. ತಲೆ ಆ ಕಡೆ, ಈ ಕಡೆ.

"ಬೆಂಕಿಕಡ್ಡಿ ಅಂತ ಗೊತ್ತೇ ಆಗಲ್ಲ ಕಣೆ" ಎಂದರು. "ಹಡಗಿನ ಹಲಗೆನೇ. ಒಂದೂ ಸೊಟ್ಟ ಇಲ್ಲ."

ಸೀಟಿಯವನು ಪಾಚಿಯಲ್ಲಿ ಪಾದ ಮುಳುಗಿಸಿಕೊಂಡು ನಿಂತಿದ್ದ.

ತಮಾಷೆಗೆ ಹೇಳಿರಬಹುದೇ ಎಂದು ಮೊದಲು ಯೋಚಿಸಿದೆ. ಗೊಂಬೆಯ ವಿಷಯದಲ್ಲಿ ಇವರು ತಮಾಷೆ ಮಾಡುವವರಲ್ಲ. ಕುದುರೆಯ ಬಾಲದ ಬಣ್ಣ ತಪ್ಪು ಎಂದು ಚನ್ನಬಸವರ ಜೊತೆ ಎರಡು ತಿಂಗಳು ಕಾಗದದಲ್ಲಿ ಜಗಳ ಆಡಿದವರು. ಗೊಂಬೆ ತೆಗೆದುಕೊಂಡು ಒಳಗೆ ಬಂದೆ. ಅಡುಗೆಮನೆಯಲ್ಲಿ ಕುಕ್ಕರಿಗೆ ಅಕ್ಕಿ ಹಾಕಿದೆನೋ ಇಲ್ಲವೋ ನೆನಪಾಗದೆ ಮೂರು ಸಲ ಮುಚ್ಚಳ ತೆಗೆದು ನೋಡಿದೆ.

ಡಾಕ್ಟರು ಅವತ್ತೇ ಬರಬೇಕು ಎಂದಿದ್ದರು. ಇವರಿಗೆ ಕಾಣದೇ ಎಷ್ಟು ದಿನವಾಯಿತು ಎಂಬುದೇ ನನಗೆ ತಿಳಿಯದು.

ಒಲೆ ಆರಿಸಿ ಮತ್ತೆ ಹೊರಗೆ ಹೋಗಿ ಇವರ ಎದುರು ಕೂತೆ.

"ನಾನು ಹಲಗೆ ಹಾಕೇ ಇಲ್ಲ ರೀ" ಎಂದೆ. "ಮಣ್ಣು ಹಾಕಿದೀನಿ. ಪಾಚಿ ಹಾಕಿದೀನಿ. ಎಲ್ಲಾರೂ ಹುಲ್ಲಲ್ಲಿ ನಿಂತಿದಾರೆ. ಗೊತ್ತಾದ ಮೇಲೆ ನಿಮಗೆ ಸುಳ್ಳು ಹೇಳಿದೆ."

ಇವರು ಕಿಟಕಿ ಕಡೆಗೇ ಮುಖ ಮಾಡಿ ಕೂತಿದ್ದರು.

"ಮಂಗಳವಾರದಿಂದ. ಮೇಲಿಂದ ಕಪ್ಪು ಇಳೀತಾ ಅದೆ. ಮೊದ್ಲು ಚೂರು ಇತ್ತು, ಇವತ್ತು ನಡುವಿಗೇ ಬಂತು."

"ಯಾಕೆ ಹೇಳ್ಲಿಲ್ಲ?"

"ಬಸವ ಬಂದು ಹೋಗ್ಲಿ ಅಂತ. ಆಮೇಲೆ ಆ ಬೆಂಚು... ಮತ್ತೆ ಅದ್ರ ಮೇಲೆ ಮಲಗೋಕೆ ನನ್ನ ಕೈಲಿ ಆಗಲ್ಲ ಮಾರಾಯ್ತಿ."

ನಾನು ದೇವರಾಜನನ್ನು ಕೂಗಿದೆ. ಹನ್ನೊಂದಕ್ಕೆ ಹೊರಟೆವು. ಹಾಸನ ದಾಟಿದ ಮೇಲೆ ಇವರು, ಯಾವ ಮಣ್ಣು ಎಂದು ಕೇಳಿದರು. ಕಾಡುಮಣ್ಣು, ಸಸಿಚೀಲದ್ದು ಎಂದೆ. ಹೌದಾ ಎಂದರು.

ಇದನ್ನು ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಬರೆಯುತ್ತಿದ್ದೇನೆ. ಸಂಜೆ ಐದೂವರೆ. ನಾಳೆ ಬೆಳಿಗ್ಗೆ ಆಪರೇಷನ್.

20 ಡಿಸೆಂಬರ್, ಸೋಮವಾರ

ಈ ಸಲ ಗುಳ್ಳೆ ಅಲ್ಲ, ಎಣ್ಣೆ ತುಂಬಿದ್ದಾರೆ. ಪರದೆಯ ನಡುಭಾಗವೂ ಎದ್ದುಬಿಟ್ಟಿತ್ತಂತೆ. ಎಷ್ಟು ಕಾಣುತ್ತದೋ ಊತ ಇಳಿದ ಮೇಲೆ ನೋಡಬೇಕು, ಮೂರು ದಿನ ಮೊದಲು ಬಂದಿದ್ದರೆ ಚೆನ್ನಾಗಿತ್ತು ಎಂದರು ಡಾಕ್ಟರು. ಇನ್ನೆರಡು ದಿನ ಕಳೆದಿದ್ದರೆ ಎಂದು ನಾನು ಕೇಳಿದೆ. ಡಾಕ್ಟರು ತಲೆ ಅಲ್ಲಾಡಿಸಿದರು.

ನನ್ನ ಸುಳ್ಳು ಇಲ್ಲದಿದ್ದರೆ ಇವರ ಸುಳ್ಳು ಸಿಕ್ಕಿಬೀಳುತ್ತಿರಲಿಲ್ಲ. ಹಾಗೆಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಎರಡನೇ ತಾರೀಕಿನಿಂದ ಹದಿಮೂರರವರೆಗೆ ಹನ್ನೆರಡು ದಿನ ಇವರಿಗೆ ಕಣ್ಣಿತ್ತು. ದಿನಾ ಕೇಳುತ್ತಿದ್ದರು. ನಾನು ಬೀರುವಿನ ಬೀಗ ತೆಗೆಯಲಿಲ್ಲ. ಇಪ್ಪತ್ತನಾಲ್ಕು ಜನರನ್ನೂ ಚೆನ್ನಾಗಿ ನೋಡಿ ಬೈಯಲು ಆಗ ಆಗುತ್ತಿತ್ತು. ಇದು ಎದೆಯಲ್ಲಿ ಕೂತುಬಿಟ್ಟಿದೆ.

ಚನ್ನಬಸವ ನಿನ್ನೆ ಮನೆಗೆ ಬಂದು, ವಿಷಯ ಕೇಳಿ, ವಾಪಸು ಹೋಗದೆ ಅಲ್ಲೇ ಉಳಿದಿದ್ದಾರೆ. ಕೊಯ್ಲು ನೋಡಿಕೊಳ್ಳುತ್ತೇನೆ, ನೀವು ನಿಧಾನ ಬನ್ನಿ ಎಂದು ಫೋನಿನಲ್ಲಿ ಹೇಳಿದರು. ಬೀರುವಿನ ಬೀಗವನ್ನು ನಾನು ಹಾಕದೇ ಬಂದಿದ್ದೆ.

"ನಿಮ್ಮ ಮಂದೀನ ನೋಡಿದೆ ವಿಶಾಲಾಕ್ಷಮ್ಮ" ಎಂದರು. "ಕುಡಿಯೋ ನೀರು ಖಾಲಿ ಆಗಿ ದಡಕ್ಕೆ ಇಳಿದಾರ ಅಂತ ಆಟ ಬದಲಿ ಮಾಡೋಣಂತ. ನನ್ನ ಹಡಗು ಅಲ್ಲೇ ಕಾಯ್ತದ, ಅವಸರ ಇಲ್ಲ."

13 ಫೆಬ್ರವರಿ 2000, ಭಾನುವಾರ

ಈಗ ಇವರಿಗೆ ದಪ್ಪ ಕನ್ನಡಕ. ನಡುವಿನಲ್ಲಿ ಮಂಜು, ಸುತ್ತ ಸ್ವಲ್ಪ ತಿಳಿ. ಕೋಳಿಯ ಹಾಗೆ ತಲೆ ವಾರೆ ಮಾಡಿ ನೋಡುತ್ತಾರೆ. ದಿನವೂ ಕೇಳುತ್ತೇನೆ, ದಿನವೂ 'ಪರವಾಗಿಲ್ಲ' ಎನ್ನುತ್ತಾರೆ. ಆ ಮಾತನ್ನು ನಾನು ಈಗ ನಂಬುವುದಿಲ್ಲ, ಇವರಿಗೂ ಅದು ಗೊತ್ತು.

ಇವತ್ತು ಕ್ಯಾಪ್ಟನ್ನನನ್ನು ಕೈಗೆ ಕೊಟ್ಟೆ. ಬಿಸಿಲಿಗೆ ಹಿಡಿದು, ಭೂತಗಾಜು ಇಟ್ಟು, ವಾರೆ ನೋಡಿ, ತಿರುಗಿಸಿ ಮತ್ತೆ ನೋಡಿದರು.

"ಇಲ್ಲಿ ಕಂಕುಳಲ್ಲಿ ಬಣ್ಣ ಬಿದ್ದಿಲ್ಲ. ಸೀಸ ಕಾಣ್ತದೆ."

ಸಾಧ್ಯವೇ ಇಲ್ಲ ಎಂದೆ. ಮೂರು ಸಲ ಬಳಿದಿದ್ದೇನೆ. ನನ್ನ ಕನ್ನಡಕ ಹಾಕಿಕೊಂಡು ಕಸಿದು ನೋಡಿದೆ. ಕೋಟಿನ ತೋಳಿನ ಅಡಿ, ಸಾಸಿವೆ ಕಾಳಿನಷ್ಟು ಜಾಗ, ಬೆಳ್ಳಗೆ ಸೀಸ. ನನಗೇ ಗೊತ್ತಿರಲಿಲ್ಲ. ಇಷ್ಟು ಸಂತೋಷ ನನಗೆ ಯಾವ ಹೊಗಳಿಕೆಯಿಂದಲೂ ಆದದ್ದಿಲ್ಲ.

12 ಮಾರ್ಚ್, ಭಾನುವಾರ

ಚನ್ನಬಸವ ತಮ್ಮ ಫ್ರೆಂಚರಲ್ಲಿ ಬಣ್ಣ ಬಾಕಿ ಇದ್ದ ಹದಿನಾರು ಜನರನ್ನು ನನಗೇ ಕಳಿಸಿದ್ದಾರೆ. ನೀಲಿ ಕೋಟು, ಹಳದಿ ಅಂಚು. ಅವರದೇ ಹಲಗೆಯ ಬುಡ, ನನಗೇನೂ ಹಿಡಿಸಲಿಲ್ಲ. ಮುಖಗಳನ್ನು ಮಾತ್ರ ಒಬ್ಬರಂತೆ ಒಬ್ಬರಿರದ ಹಾಗೆ ಮಾಡಿದ್ದೇನೆ.

ಎಂಟು ಮುಗಿದಿವೆ. ಎಂಟರಲ್ಲೂ ಎಲ್ಲಾದರೂ ಒಂದು ಕಡೆ ಸಾಸಿವೆಯಷ್ಟು ಜಾಗ ಬಣ್ಣ ಹಚ್ಚದೆ ಬಿಟ್ಟೆ. ಒಂದಕ್ಕೆ ಮೊಣಕಾಲಿನ ಹಿಂದೆ, ಒಂದಕ್ಕೆ ಟೋಪಿಯ ಅಂಚಿನಲ್ಲಿ. ಇವರಿಗೆ ತಪಾಸಣೆಗೆ ಕೊಟ್ಟೆ. ಏಳು ಕಂಡುಹಿಡಿದು, ಇತ್ತೀಚೆಗೆ ನಿನ್ನ ಕೈ ಬಿಗಿ ತಪ್ಪಿದೆ ಎಂದು ಬೈದರು. ಬೈಸಿಕೊಂಡೆ.

16 ಏಪ್ರಿಲ್, ಭಾನುವಾರ

ಉಳಿದ ಎಂಟು ಕೊಟ್ಟೆ. ಅದೇ ಕಿಟಕಿ, ಅದೇ ಬೆಳಗಿನ ಹೊತ್ತು, ಅದೇ ಗಾಜು.

ಐದು ಸಿಕ್ಕಿತು. ಮೂರನ್ನು ಎರಡೆರಡು ಸಲ ತಿರುಗಿಸಿ ನೋಡಿ, "ಇವು ಸರಿ ಬಂದಿದಾವೆ ನೋಡು" ಎಂದು ಬದಿಗಿಟ್ಟರು. ಈ ಸಲ ಇವರು ಸುಳ್ಳು ಹೇಳುತ್ತಿಲ್ಲ. ಇವರಿಗೇ ಇನ್ನೂ ಗೊತ್ತಾಗಿಲ್ಲ.

ಭಾನುವಾರವಾದರೂ ಡಾಕ್ಟರ ಮನೆಗೇ ಫೋನ್ ಮಾಡಿದೆ. ಈಗಲೇ ಹೊರಡಿ ಎಂದರು. ದೇವರಾಜನಿಗೆ ಜೀಪು ತರಲು ಹೇಳಿ ಕಳಿಸಿದೆ, ನಂಜಮ್ಮ ಬುತ್ತಿ ಕಟ್ಟುತ್ತಿದ್ದಾಳೆ. ಇನ್ನು ಇವರಿಗೆ ಹೇಳಬೇಕು. ಆ ಮೂರನ್ನೂ ಕೈಯಲ್ಲಿ ಹಿಡಿದುಕೊಂಡಿದ್ದೇನೆ. ಎಲ್ಲೆಲ್ಲಿ ಬಿಟ್ಟಿದ್ದೇನೆ ಎಂದು ಒಂದೊಂದಾಗಿ ತೋರಿಸಿ ಹೇಳುತ್ತೇನೆ.